ಹೊಸ ಬಟ್ಟೆಯ ಕೌದಿ

ಲಂಡನ್ನಿನ ಹ್ಯಾರೋದಲ್ಲಿ, ಮಗನ ಮನೆಯಲ್ಲಿ, ಆ ಮುಂಜಾನೆ ಬಸಲಿಂಗವ್ವನಿಗೆ ಪೂಜೆಯಲ್ಲಿ ಮನಸ್ಸು ಹತ್ತಲಿಲ್ಲ. ಅಂಗೈ ಮೇಲಿನ ಲಿಂಗದಲ್ಲಿ ಕಣ್ಣು ನಿಲ್ಲದು. ನಿನ್ನೆ ಅಂಗಡಿಯಲ್ಲಿ ಕಂಡ ಚೀಟಿಯೇ ಎದುರಿಗೆ ಬರುವುದು.

ಹತ್ತಿರದ ಎಜ್‌ವೇರ್‌ನ ಆ ಅಂಗಡಿ ಹೆದರ್ ಎಂಬಾಕೆಯದು. ನೆಲ, ನೀರು, ದುಡಿಯುವವರು ಯಾರಿಗೂ ಕೇಡಾಗದಂತೆ ತಯಾರಾದ ಸಾಮಾನು ಮಾತ್ರ ಅಲ್ಲಿ ಮಾರಾಟಕ್ಕೆ. ಧಾರವಾಡದ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆಂದು ಬಸಲಿಂಗವ್ವನ ಸೊಸೆ ಅಂಕಿತಾಳಿಂದ ಕೇಳಿ ಹೆದರ್ ಒಂದು ಬೇಕೆಂದಿದ್ದಳು. ಬಸುರಿಯೊಬ್ಬಳು ಹುಟ್ಟಲಿರುವ ಕೂಸಿಗೆಂದು ಅದನ್ನು ಆಗಲೇ ಹೇಳಿಟ್ಟಿದ್ದಳು. ಹೊಲಿದು ಕೊಟ್ಟ ಕೌದಿಗೆ ಹೆದರ್ 'ರೀಸೈಕಲ್ಡ್' ಎಂದು ಚೀಟಿ ಕಟ್ಟಿದ್ದಳು: ಪೂರಾ ಹಳೆಯ ಬಟ್ಟೆ, ಇದಕ್ಕಾಗಿ ಹೊಸದಾಗಿ ಏನನ್ನೂ ನೇಯ್ದಿಲ್ಲ ಎಂದು ಅಂಕಿತಾ ಅದರ ಅರ್ಥ ಹೇಳಿದ್ದಳು.

ಅದರ ಒಂದೊಂದು ತುಣುಕೂ ಬಸಲಿಂಗವ್ವ ಅಂಗಡಿಯಿಂದ ಕೊಂಡುತಂದ ಹೊಸ ಬಟ್ಟೆ.

"ಅತ್ತೀ, ಹಳೇದ ಬೇಕಂತ ಹೇಳಿದ್ದೆನಲ್ಲರೀ?" ಅತ್ತೆ ನಿಜ ಹೇಳಿದ ಮೇಲೆ ಅಂಕಿತಾ ಚಹಾ ಸೋಸುತ್ತ ಕೇಳಿದಳು.

"ಹೇಳಿದ್ದಿ. ಸಂಕೋಚಕ್ಕ ಹಂಗಂದಾಳ ಅನ್ಕೊಂಡೆ. ಉಟ್ಟ ಸೀರಿ ಹರದು ಮಂದಿಗೆ ಕೊಟ್ರ ಮರ್ಯಾದಿ ಆಗ್ತೈತೇನ?"

"ಊರಾಗ ಪಾತ್ರಿ ಮಾರೂ ಭಾಂಡೇದಾಕಿಗೆ ಹಳೇ ಸೀರಿ ಕೊಡ್ತಿದ್ರೆಲ್ಲಾ?"

"ಆಕಿ ಬದ್ಲಿ ಪಾತೇಲಿ ಕೊಡ್ತಿದ್ಲು!" ಬಸಲಿಂಗವ್ವನಿಗೆ ನಗು ಬರಲಿಲ್ಲ. "ನಡಿ, ಬಸ್ ಹಿಡಿಯೂಣು. ಆ ಬಸುರಿ ಒಯ್ಯೂಕಿಂತ ಮದ್ಲ ಹೇಳಬೇಕು. ಸುಳ್ಳಿನ ಮ್ಯಾಲ ಕೂಸು ಮಲಗೂದು ಬ್ಯಾಡ."

ಬಸ್ಸು ನಿಂತಲ್ಲೆಲ್ಲ ಆಕೆ ಇಳಿಯಲು ಏಳುವಳು, ಸೊಸೆ ಸೆರಗು ಹಿಡಿದು ಕೂಡಿಸುವಳು.

ಅಂಗಡಿಯಲ್ಲಿ ಅಂಕಿತಾ ಎಲ್ಲವನ್ನೂ ಹೆದರ್‌ಗೆ ತಿಳಿಸಿದಳು. ಹೆದರ್ ಚೀಟಿಯ ದಾರ ಕತ್ತರಿಸಿ, ಕೌದಿ ಮಡಚಿ ಬಸಲಿಂಗವ್ವನ ಕೈಗಿಟ್ಟು ಏನೋ ಹೇಳಿದಳು.

"ಹೊಲಿಗಿ ಭಾಳ ಚಂದ ಐತಂತ. ಆದ್ರ ಇಲ್ಲಿ ಮಾರಾಕ ಬರೂದಿಲ್ಲಂತ," ಎಂದಳು ಅಂಕಿತಾ. "ಹಳೇದ್ರದು ಹೊಲೀತೀರೇನಂತ ಕೇಳಾಕತ್ತಾಳ. ಇಲ್ಲಂದ್ರ ಬಸುರಿಗೆ ಇಲ್ಲ ಅಂತಾಳಂತ."

ಬಸಲಿಂಗವ್ವ ಕೌದಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲ ಕಡೆ ನಡೆದಳು.

ಮನೆಗೆ ಬಂದವಳು ಅಡುಗೆಮನೆಗೂ ಪಡಸಾಲೆಗೂ ತಿರುಗಾಡಿದಳು. ಪರರ ಕೂಸಿಗೆ ತಾನುಟ್ಟ ಸೀರೆಯೇ? ಸೋಫಾದ ಮೇಲಿದ್ದ ಕೌದಿಯನ್ನು ಸವರಿದಳು. ಬಟ್ಟೆ ಇನ್ನೂ ಬಿರುಸು. ಕೈ ಅಲ್ಲೇ ನಿಂತಿತು. ತನಗೆ ಮಗ ಹುಟ್ಟಿದಾಗ ಬೀಗರು ತಂದ ಹೊಸ ಅಂಗಿಯನ್ನು ಅವ್ವ ಬದಿಗಿಟ್ಟು, ಕೂಸಿಗೆ ಚುಚ್ಚುತ್ತದೆಂದು ಬೈದು, ತನ್ನ ಹಳೆಯ ಸೀರೆಯಲ್ಲೇ ಸುತ್ತಿದ್ದಳು. ಯಾರ ಹೊಟ್ಟೆಯದಾದರೇನು, ಹಸುಗೂಸಿನ ಮೈ ಒಂದೇ ಅಲ್ಲವೆ?

ಟ್ರಂಕು ತೆಗೆದು ತಳದಿಂದ ಇಳಕಲ್ ಸೀರೆಯೊಂದನ್ನು ಎಳೆದಳು. ಬೆಣ್ಣೆಯ ಹಾಗೆ ಮೆತ್ತಗಾಗಿತ್ತು.

"ಕತ್ರಿ ಕೊಡು."

"ಅತ್ತೀ, ಅದು ನಿಮ್ಮವ್ವಂದಲ್ಲರೀ?"

"ಹೂಂ. ಲಗೂ ಕೊಡು. ಆ ಬಸುರಿಗೆ ದಿನಾ ತುಂಬಾಕ ಬಂದಾವು."