ಜಿಂಕೆಗೆ ಹಾಸಿಗೆ ಹಾಸಿದ ಆರ್ಡಿಸ್

ನನ್ನ ಓರಗಿತ್ತಿ ಆರ್ಡಿಸ್ ಶಾಲೆಯ ಬಸ್ಸಿನ ಡ್ರೈವರು. ಬಸ್ಸಿನ ತುಂಬ ಮಕ್ಕಳು ಕಿರುಚಾಡುತ್ತಿದ್ದರೂ ಅವಳು ಗದರಿಸಿದ್ದನ್ನು ನಾನು ಕಂಡಿಲ್ಲ; ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ದಿಟ್ಟಿಸುತ್ತಾಳೆ, ಅಷ್ಟೆ. ಈ ಕಣಿವೆಯ ಅರ್ಧ ಜನ ಚಿಕ್ಕಂದಿನಲ್ಲಿ ಆ ನೋಟಕ್ಕೆ ಬೆವತವರೇ. ಹಾಗಾಗಿ ಅವಳು ಒಂದು ಕೆಲಸಕ್ಕೆ ಹೊರಟಳೆಂದರೆ ಅಡ್ಡ ಬರುವವರು ಕಡಿಮೆ. ಅಡ್ಡ ಬರುವ ಏಕಮಾತ್ರ ಗಂಡಸು ನನ್ನ ಗಂಡ ಗೇಲಾರ್ಡ್. ಅವನನ್ನು ಒಂದು ವರ್ಷವಾದರೂ ಆ ಬಸ್ಸಿನಲ್ಲಿ ಕೂರಿಸಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆರ್ಡಿಸಳ ಗಂಡ ಲೈಲ್, ಗೇಲಾರ್ಡ್‌ನ ಅಣ್ಣ. ಮಾವ ಪಾಲು ಮಾಡಿಕೊಟ್ಟಾಗ ನಮಗೆ ಕೆಳಗಿನ ಹೊಲಗಳು ಮತ್ತು ತೊರೆಯಂಚಿನ ಪೊದೆಗಾಡು ಬಂದವು, ಅವರಿಗೆ ಮನೆಯ ಬೆನ್ನಿಗಿರುವ ಮೂಗಿನ ಗುಡ್ಡ. ಹೆಸರೇ ಹೇಳುವಂತೆ ಅದು ಕಣಿವೆಯ ಮೇಲಕ್ಕೆ ಚಾಚಿಕೊಂಡ ಕಡಿದಾದ ಕಾಡು. ನೋಡಲು ಬಲು ಚೆಂದ: ಎತ್ತರದ ಮರಗಳು, ಕೆಳಗೆ ಗುಡಿಸಿಟ್ಟ ಅಂಗಳದಂಥ ನೆಲ. ಜಿಂಕೆಗೆ ಮಾತ್ರ ಅದು ಬರೀ ಹಾದಿ. ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತಿತ್ತೇ ಹೊರತು ಒಂದು ಗಳಿಗೆ ಕಾಲು ಮಡಿಸುತ್ತಿರಲಿಲ್ಲ. ಬಟ್ಟಬಯಲಲ್ಲಿ ಯಾರು ಮಲಗುತ್ತಾರೆ?

ವಿಸ್ಕಾನ್ಸಿನ್‌ನ ನಮ್ಮ ಈ ಮೂಲೆಯಲ್ಲಿ ಕ್ರಿಸ್‌ಮಸ್ಸಿಗೆ ಮನೆಗೆ ಬಾರದವನನ್ನು ಕ್ಷಮಿಸುತ್ತಾರೆ, ನವೆಂಬರಿನ ಬೇಟೆಗೆ ಬಾರದವನನ್ನು ಕ್ಷಮಿಸುವುದಿಲ್ಲ. ಲೈಲ್ ಹನ್ನೆರಡನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಆದರೆ ಒಂದು ಬೇಸಿಗೆಯಲ್ಲಿ ಟ್ರಾಕ್ಟರ್ ಇಳಿಜಾರಿನಲ್ಲಿ ಮಗುಚಿ ಅವನ ಸೊಂಟದ ಕೀಲು ನುಚ್ಚುನೂರಾಯಿತು. ಬದುಕಿ ಉಳಿದದ್ದೇ ಹೆಚ್ಚು. ಆಸ್ಪತ್ರೆಯಿಂದ ಬಂದ ಮೇಲೆ ನಾಲ್ಕು ಕಾಲಿನ ಅಲ್ಯುಮಿನಿಯಂ ಚೌಕಟ್ಟು ಹಿಡಿದು ಮನೆಯಿಂದ ಕೊಟ್ಟಿಗೆಗೆ ಹೋಗಿ ಬರುವಷ್ಟು ಆಯಿತು, ಗುಡ್ಡ ಹತ್ತುವುದು ಆಗಲಿಲ್ಲ. ಆ ನವೆಂಬರಿನಲ್ಲಿ ನಾವೆಲ್ಲ ಅವರ ಅಡುಗೆಮನೆಯಲ್ಲಿ ಕೂತು ಯಾರು ಎಲ್ಲಿ ನಿಲ್ಲಬೇಕೆಂದು ಮಾತಾಡುತ್ತಿದ್ದಾಗ ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಇನ್ಮೇಲೆ ನನ್ನನ್ನ ಲೆಕ್ಕಕ್ಕೆ ಹಿಡೀಬೇಡಿ. ನಂದು ಮುಗೀತು."

ಅಂದಿನಿಂದ ಲೈಲ್‌ನ ಮಾತೇ ಇಳಿದುಹೋಯಿತು. ಮೊದಲು ಹೊಲದ ಆ ತುದಿಯಿಂದ ಕೂಗಿದರೆ ಈ ತುದಿಯಲ್ಲಿ ನನ್ನ ಕೋಳಿಗಳು ಚದುರುತ್ತಿದ್ದವು. ಈಗ ಎದುರಿಗೆ ಕೂತರೂ ಬಗ್ಗಿ ಕೇಳಬೇಕು. ಅಂಥ ಆಳು ಅಡುಗೆಮನೆಯ ಕುರ್ಚಿಯಲ್ಲಿ ಕರಗುತ್ತಾ ಹೋಗುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಆರ್ಡಿಸ್ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಫೆಬ್ರವರಿಯಲ್ಲಿ ಬಸ್ ನಿಲ್ಲಿಸಿ ಬಂದವಳೇ ಮರ ಕೊಯ್ಯುವ ಗರಗಸ ಹೊತ್ತು ಗುಡ್ಡ ಹತ್ತಿದಳು. ಏನು ನಡೆಸಿದ್ದೀಯೆ ಎಂದು ಕೇಳಿದೆ.

"ಅವನು ಜಿಂಕೆ ಹತ್ರ ಹೋಗಕ್ಕಾಗಲ್ಲ. ಜಿಂಕೇನೇ ಅವನ ಹತ್ರ ಬರ್ಲಿ," ಅಂದಳು. "ಗುಡ್ಡದ ಮೇಲೆ ಅವಕ್ಕೆ ಹಾಸಿಗೆ ಹಾಸ್ತೀನಿ. ಹಗಲೆಲ್ಲ ಅಲ್ಲಿ ಮಲಗಿ, ಸಾಯಂಕಾಲ ಹೊಟ್ಟೆ ಹಸಿದಾಗ ಕೆಳಗೆ ಜೋಳದ ಹೊಲಕ್ಕೆ ಇಳೀಬೇಕು. ಇಳಿಯೋ ದಾರಿ ನಮ್ಮ ಕಣಜದ ಪಕ್ಕಾನೇ. ಅಲ್ಲಿ ಲೈಲ್ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ."

"ಲೈಲ್‌ಗೆ ಹೇಳಿದೀಯಾ?"

"ಹೇಳಿದ್ರೆ ಬೇಡ ಅಂತಾನೆ. ಬೇಡ ಅನ್ನೋಕೆ ಅವಕಾಶಾನೇ ಕೊಡಬಾರ್ದು."

ಕೆಲಸದ ರೀತಿ ಹೀಗೆ: ತೋಳಿನ ದಪ್ಪದ, ತೊಡೆಯ ದಪ್ಪದ ಮರಗಳನ್ನು ಎದೆಯ ಮಟ್ಟದಲ್ಲಿ ಓರೆಯಾಗಿ ಮುಕ್ಕಾಲು ಪಾಲು ಕೊಯ್ದು ಮೆಲ್ಲಗೆ ಬಗ್ಗಿಸಬೇಕು. ಪೂರ್ತಿ ಕತ್ತರಿಸಬಾರದು. ಒಂದು ಪಟ್ಟೆ ತೊಗಟೆ ಉಳಿದರೆ ಬಿದ್ದ ಮರ ಸಾಯುವುದಿಲ್ಲ. ವಸಂತದಲ್ಲಿ ಮಲಗಿದಲ್ಲಿಯೇ ಚಿಗುರುತ್ತದೆ. ಜಿಂಕೆಗೆ ತಲೆಯ ಮೇಲೆ ಸೂರೂ ಆಯಿತು, ಬಾಯಿಗೆ ಮೇವೂ ಆಯಿತು. ಮೈಮರೆತರೆ ಕಾಂಡ ಉದ್ದಕ್ಕೆ ಸೀಳಿ ಕೊಯ್ಯುವವರ ದವಡೆಗೇ ಒದೆಯುತ್ತದೆ. ಈ ಕೆಲಸ ಮಾಡುವಾಗ ಆರ್ಡಿಸ್ ಹಾಡು ಗುನುಗುತ್ತಾಳೆ. ನನಗೆ ನೋಡಲೂ ಭಯ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಗೇಲಾರ್ಡ್ ಅಂತೂ ಹಳೆಯ ದಿಂಬೊಂದನ್ನು ತಂದು ಅವರ ಗೇಟಿಗೆ ನೇತುಹಾಕಿ ಬಂದ. "ಹಾಸಿಗೆ ಆಯ್ತಲ್ಲ, ದಿಂಬು ನಂದು. ಕಂಬಳಿ ಯಾರಾದ್ರೂ ಕೊಡ್ತಾರೆ," ಎಂದು ಹೆಂಡದಂಗಡಿಯಲ್ಲಿ ಹೇಳಿಕೊಂಡು ನಗಿಸಿದ. ಆರ್ಡಿಸ್ ದಿಂಬನ್ನು ಬಿಚ್ಚಿಕೊಂಡು ಹೋಗಿ ಬಸ್ಸಿನಲ್ಲಿ ತನ್ನ ಸೀಟಿಗೆ ಒರಗಿಸಿಕೊಂಡಳು. ಬೆನ್ನಿಗೆ ಬಹಳ ಹಿತವಾಗಿದೆ ಎಂದು ನನ್ನ ಕೈಲಿ ಹೇಳಿ ಕಳಿಸಿದಳು. ಅದು ನಮ್ಮದೇ ಮನೆಯ ಒಳ್ಳೆಯ ದಿಂಬು, ನನಗೆ ವಾಪಸ್ಸು ಬರಲೇ ಇಲ್ಲ.

ಮೊದಲ ವರ್ಷ ಅವಳು ಸೋತಳು. ಸಿಕ್ಕಸಿಕ್ಕ ಮರಗಳನ್ನು ಒಂದರ ಮೇಲೊಂದು ಉರುಳಿಸಿ ಕೋಟೆಯನ್ನೇನೋ ಕಟ್ಟಿದಳು, ಬಾಗಿಲು ಇಡಲು ಮರೆತಳು. ಜಿಂಕೆಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಮ್ಮ ಪೊದೆಗಾಡಿಗೆ ಬಂದು ಮಲಗಿದವು. ಗೇಲಾರ್ಡ್ ಹಿಗ್ಗಿ ಹೀರೇಕಾಯಿಯಾದ.

ಆ ಚಳಿಗಾಲದ ಒಂದು ಬೆಳಿಗ್ಗೆ ಅವನು ನಮ್ಮ ಕಾಡಿಗೆ ಸೌದೆ ತರಲು ಹೋದವನು ಹೌಹಾರಿ ನಿಂತ. ಹಿಮದಲ್ಲಿ, ಜಿಂಕೆ ಮಲಗೆದ್ದ ಗುಳಿಯಲ್ಲಿ, ಆರ್ಡಿಸ್ ಮುದುಡಿಕೊಂಡು ಬಿದ್ದಿದ್ದಾಳೆ.

"ಆರ್ಡಿಸ್! ಏನಾಯ್ತೇ? ಬದುಕಿದೀಯಾ?"

"ಮಲಗಿದೀನಿ ಕಣೋ. ಆ ಕಡೆ ಸರಿ, ಗಾಳಿಗೆ ನಿನ್ನ ವಾಸನೆ ಬರ್ತಿದೆ."

"ತಲೆ ಕೆಟ್ಟಿದೆಯಾ ನಿಂಗೆ?"

"ಇಲ್ಲಿಂದ ಏನೇನು ಕಾಣುತ್ತೆ ಅಂತ ನೋಡ್ತಿದೀನಿ. ಬೆನ್ನಿಗೆ ಮರ, ಹಿಂದಿನಿಂದ ಗಾಳಿ, ಮುಂದೆ ಇಡೀ ಇಳಿಜಾರು. ಓಡೋಕೆ ಎರಡು ದಾರಿ. ಜಿಂಕೆ ಎಷ್ಟು ಜಾಣ ನೋಡು, ನಿನಗಿಂತ."

ಅವಳು ಹಾಗೆ ಕಂಡವರ ಕಾಡುಗಳಲ್ಲೆಲ್ಲ ಮಲಗೆದ್ದಳು. ಆಮೇಲೆ ಮೂಗಿನ ಗುಡ್ಡಕ್ಕೆ ಮರಳಿ ತನ್ನ ಕೋಟೆಯನ್ನು ಒಳಗಿನಿಂದ ಬಿಡಿಸಿದಳು. ಗುಡ್ಡದ ನೆತ್ತಿಗಿಂತ ತುಸು ಕೆಳಗೆ, ಗಾಳಿಗೆ ಮರೆಯಾದ ಬಿಸಿಲ ಕಡೆಯಲ್ಲಿ, ಇಳಿಜಾರನ್ನು ಅಲ್ಲಲ್ಲಿ ಕೆರೆದು ಮೊರದಷ್ಟಗಲದ ಸಮತಟ್ಟು ಮಾಡಿದಳು. ಬಗ್ಗಿದ ಮರಗಳ ಕೆಳಗೆ ಕೊಂಬೆ ಸವರಿ ಒಳದಾರಿಗಳನ್ನು ತೆಗೆದಳು, ಎಲ್ಲವೂ ಜಿಂಕೆಯ ಬೆನ್ನಿನ ಎತ್ತರಕ್ಕೆ. ಸವರುವಾಗ ಅವಳೇ ಅಂಬೆಗಾಲಲ್ಲಿ ಓಡಾಡಿದಳು. ಮುಗಿದ ದಿನ ಅಂಚಿಗೆ ಹಗ್ಗ ಕಟ್ಟಿ ಮನುಷ್ಯರ ವಾಸನೆ ಬಿದ್ದರೆ ಜಿಂಕೆ ಬರುವುದಿಲ್ಲ, ಇನ್ನು ಇದರೊಳಗೆ ನರಪಿಳ್ಳೆ ಕಾಲಿಡಕೂಡದು ಎಂದಳು.

ಇದು ಎಂಥ ಕಠಿಣ ಕಟ್ಟಳೆ ಎನ್ನುವುದು ನಮ್ಮವರಿಗೇ ಗೊತ್ತು. ಮಾರ್ಚಿನಲ್ಲಿ ಗಂಡು ಜಿಂಕೆಗಳು ಉದುರಿಸಿದ ಕೊಂಬು ಹುಡುಕಿಕೊಂಡು ಕಾಡು ಸುತ್ತದಿದ್ದರೆ ಇಲ್ಲಿಯ ಗಂಡಸರಿಗೆ ಮೈ ನವೆಯಾಗುತ್ತದೆ. ಮೇ ತಿಂಗಳಲ್ಲಿ ಸತ್ತ ಎಲ್ಮ್ ಮರದ ಬುಡದಲ್ಲಿ ಅಣಬೆ ಏಳುತ್ತವೆ. ಬೆಣ್ಣೆಯಲ್ಲಿ ಹುರಿದರೆ ಲೋಕ ಮರೆಯಬೇಕು. ಮೂಗಿನ ಗುಡ್ಡದ ಅಣಬೆಗೆ ಮದುವೆಯಾಗಿ ಬಂದಾಗಿನಿಂದ ಹಕ್ಕುದಾರಳು ನಾನು. "ಒಂದೇ ಒಂದು ಬುಟ್ಟಿ ಕಣೇ," ಎಂದು ಗೋಗರೆದೆ. ಆರ್ಡಿಸ್ ನನ್ನನ್ನು ಆ ಬಸ್ಸಿನ ನೋಟದಲ್ಲಿ ನೋಡಿದಳು. ಅರವತ್ತರ ಹೆಂಗಸು ನಾನು, ಬುಟ್ಟಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ಬಂದೆ.

ನವೆಂಬರ್ ಬಂತು. ಬೇಟೆಯ ಮೊದಲ ಶನಿವಾರ ಆರ್ಡಿಸ್ ಕಣಜದ ಪಕ್ಕ ಕುರ್ಚಿ ಹಾಕಿ ಲೈಲ್‌ನ ಮುಂದೆ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಕೋಟು ಹಿಡಿದು ನಿಂತಳು.

"ನನಗೆ ಬೇಡ ಅಂತ ಹೇಳಿದ್ನಲ್ಲ," ಅಂದ ಲೈಲ್.

"ಕಾಫಿ ಕುಡೀತಾ ಇಲ್ಲಿ ಕೂರೋ ಬದಲು ಅಲ್ಲಿ ಕೂತ್ಕೋ. ಬಂದೂಕು ತೊಡೆ ಮೇಲಿದ್ರೆ ನಿನಗೇನು ಭಾರ?"

ಕೂತ. ಅವಳು ಹೇಳಿದಳೆಂದು ಕೂತ, ಅಷ್ಟೆ. ಮುಖದಲ್ಲಿ ಆಸೆಯ ಸುಳಿವಿರಲಿಲ್ಲ. ಕತ್ತಲಾಗುವವರೆಗೂ ಒಂದು ಅಳಿಲೂ ಇಳಿದು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಆರ್ಡಿಸಳ ಮನೆಯಲ್ಲಿ ಊಟ. ನಾನು ಲೆಫ್ಸೆ ಒಯ್ದಿದ್ದೆ, ನಮ್ಮ ಅಜ್ಜಿಯರು ನಾರ್ವೆಯಿಂದ ತಂದ ಆಲೂಗಡ್ಡೆಯ ರೊಟ್ಟಿ. ಗೇಲಾರ್ಡ್‌ಗೂ ಅದುವರೆಗೆ ಏನೂ ಸಿಕ್ಕಿರಲಿಲ್ಲ. ರೊಟ್ಟಿಗೆ ಬೆಣ್ಣೆ ಸವರುತ್ತಾ ಶುರು ಮಾಡಿದ. "ಈ ಕಣಿವೆಯ ಜಿಂಕೆಯೆಲ್ಲ ಆ ಮುಳ್ಳುಗಂಟಿಯೊಳಗೆ ಕೂತಿದಾವೆ. ಅಲ್ಲಿ ಸಾಕ್ತಿದೀಯೋ ಏನು? ಊಟ ಆದ್ಮೇಲೆ ನಾನು ಮೇಲಿನಿಂದ ಗದ್ದಲ ಮಾಡ್ತಾ ಇಳೀತೀನಿ, ಎಲ್ಲ ಕೆಳಗೆ ನುಗ್ತವೆ. ಅಪ್ಪನ ಕಾಲದಿಂದ ಭಾನುವಾರ ಕಾಡು ಎಬ್ಬಿಸೋದು ಪದ್ಧತಿ."

"ಆಗಲ್ಲ," ಅಂದಳು ಆರ್ಡಿಸ್.

ಲೈಲ್ ಮೆಲ್ಲಗೆ ಹೇಳಿದ: "ಬಿಡು ಆರ್ಡಿಸ್. ಎಬ್ಬಿಸ್ಲಿ. ಒಬ್ಬರಿಗಾದ್ರೂ ಸಿಗ್ಲಿ. ನನಗೋಸ್ಕರ ಎಲ್ಲರ ಬೇಟೆ ಯಾಕೆ ಹಾಳಾಗ್ಬೇಕು?"

ಆರ್ಡಿಸ್ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನಿನಗೋಸ್ಕರ ಮಾಡಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ನಿನಗೋಸ್ಕರಾನೇ ಮಾಡಿದ್ದು. ಎಬ್ಬಿಸಿದ್ರೆ ಓಡ್ತಾ ಬರ್ತವೆ. ಓಡೋ ಜಿಂಕೆಗೆ ತಿರುಗಿ ಹೊಡೆಯೋಕೆ ನಿನ್ನ ಸೊಂಟ ತಿರುಗಲ್ಲ. ಅವು ನಡ್ಕೊಂಡೇ ಬರ್ಬೇಕು, ತಾವಾಗೇ. ಇವತ್ತು ಸಾಯಂಕಾಲಕ್ಕೆ ಹಿಮ ಬೀಳುತ್ತೆ. ಹಿಮ ಬೀಳೋ ಮುಂಚೆ ಅವು ಹೊಟ್ಟೆ ತುಂಬಿಸ್ಕೊಳ್ಳೋಕೆ ಬೇಗ ಏಳ್ತವೆ. ಹೋಗಿ ಕೂತ್ಕೋ."

"ಬರದಿದ್ರೆ?" ಅಂದ ಗೇಲಾರ್ಡ್.

"ಬರದಿದ್ರೆ ಮುಂದಿನ ವರ್ಷ ಇಡೀ ಗುಡ್ಡ ನೀನೇ ಎಬ್ಬಿಸು, ನಾನೇ ತಟ್ಟೆ ಬಾರಿಸ್ತಾ ಹಿಂದೆ ಬರ್ತೀನಿ. ಇವತ್ತು ಬಾಯಿ ಮುಚ್ಕೊಂಡು ರೊಟ್ಟಿ ತಿನ್ನು."

ನಾವು ಕಿಟಕಿಗೆ ಅಂಟಿಕೊಂಡೆವು. ಆಕಾಶ ಬೂದಿಯಾಗಿತ್ತು. ಆರ್ಡಿಸ್ ಮಾತ್ರ ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಈ ಸಲವೂ ಏನೂ ಬಾರದೆ ಹೋದರೆ ಲೈಲ್ ಇನ್ನೆಂದೂ ಆ ಕುರ್ಚಿಗೆ ಹೋಗುವವನಲ್ಲ ಎನ್ನುವುದು ನಮ್ಮೆಲ್ಲರಿಗೂ ತಿಳಿದಿತ್ತು.

ಮೊದಲು ಒಂದು ಮರಿ ಇಳಿಯಿತು. ಅದರ ಹಿಂದೆ ಎರಡು ಹೆಣ್ಣು ಜಿಂಕೆಗಳು, ಸಂತೆಗೆ ಹೊರಟವರಂತೆ ನಿಧಾನವಾಗಿ, ನಿಂತು ನಿಂತು. ಕೊನೆಗೆ ಕೊಂಬಿನದು. ಲೈಲ್ ಅಲ್ಲಾಡಲಿಲ್ಲ. ಗುಂಡಿನ ಸದ್ದಿಗೆ ಕಿಟಕಿಯ ಗಾಜು ನಡುಗಿತು. ಗಂಡು ಜಿಂಕೆ ಬೆನ್ನು ಬಾಗಿಸಿ ಮೇಲಕ್ಕೆ ನೆಗೆದು ಒಂದು ಸುತ್ತು ತಿರುಗಿ ಬಂದ ದಾರಿಯಲ್ಲೇ ಗುಡ್ಡ ಹತ್ತಿ ಆರ್ಡಿಸಳ ಹಗ್ಗದೊಳಗೆ ಮಾಯವಾಯಿತು.

ನಾವು ಓಡಿದೆವು. ಹುಲ್ಲಿನ ಮೇಲೆ ರಕ್ತ ಚೆನ್ನಾಗಿಯೇ ಬಿದ್ದಿತ್ತು. ಬೇರೆ ದಿನವಾದರೆ ಅದು ಒಳಗೇ ಮಲಗಿ ಪ್ರಾಣ ಬಿಡಲೆಂದು ಬೆಳಗಿನವರೆಗೆ ಕಾಯಬಹುದಿತ್ತು. ಆದರೆ ಆಗಲೇ ಹಿಮ ಉದುರತೊಡಗಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಹೊಡೆದ ಪ್ರಾಣಿಯನ್ನು ಹುಡುಕದೆ ಬಿಡುವುದು ನಮ್ಮಲ್ಲಿ ಪಾಪ. ಎಲ್ಲರೂ ಆರ್ಡಿಸಳ ಮುಖ ನೋಡಿದೆವು. ಅವಳು ಲೈಲ್‌ನನ್ನು ನಾಲ್ಕು ಗಾಲಿಯ ಬೈಕಿನಲ್ಲಿ ಕೂರಿಸಿಕೊಂಡು ಕಾಡಿನ ಅಂಚಿಗೆ ಬಿಟ್ಟಳು. ತಾನೇ ಹಗ್ಗ ಬಿಚ್ಚಿದಳು.

"ಸರೀರಿ, ನಾನು ತರ್ತೀನಿ," ಎಂದು ಗೇಲಾರ್ಡ್ ನುಗ್ಗಿದ. ಬಗ್ಗಿದ ಮರಗಳು ಅವನ ಸೊಂಟದ ಮಟ್ಟಕ್ಕಿದ್ದವು. ಮೇಲೆ ದಾಟಲಾಗಲಿಲ್ಲ. ಕೆಳಗೆ ತೂರಲು ಬಗ್ಗಿದ, ಹೊಟ್ಟೆ ಬಿಡಲಿಲ್ಲ. ಟೋಪಿ ಒಂದು ಕೊಂಬೆಗೆ, ಕೋಟು ಇನ್ನೊಂದಕ್ಕೆ ಸಿಕ್ಕಿಕೊಂಡು, ಬಲೆಗೆ ಬಿದ್ದ ಹಂದಿಯಂತೆ ಒದ್ದಾಡಿದ. ನಾನು ಹಿಂದಿನಿಂದ ಬೆಲ್ಟು ಹಿಡಿದು ಎಳೆಯಬೇಕಾಯಿತು.

"ಇದರೊಳಗೆ ಯಾವ ಮನುಷ್ಯ ನಡೀತಾನೆ ಮಾರಾಯ್ತಿ!"

"ಯಾರೂ ನಡೆಯಲ್ಲ," ಅಂದಳು ಆರ್ಡಿಸ್, ಮೊಣಕಾಲೂರುತ್ತಾ. "ಅಂಬೆಗಾಲಲ್ಲಿ ಹೋಗ್ಬೇಕು."

ಆಗ ಲೈಲ್ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಅಲ್ಯುಮಿನಿಯಂ ಚೌಕಟ್ಟನ್ನು ನನ್ನ ಕೈಗೆ ಕೊಟ್ಟ, ಹಿಡಿದುಕೊಳ್ಳಲು ನಾನೇನೋ ಗೂಟ ಎನ್ನುವಂತೆ. "ಹೊಡೆದೋನು ನಾನು," ಎಂದ. ನೆಲಕ್ಕಿಳಿದ. ವರ್ಷಗಟ್ಟಲೆ ಚೌಕಟ್ಟಿನ ಮೇಲೆ ಮೈಭಾರ ಹಾಕಿ ಹಾಕಿ ಅವನ ತೋಳುಗಳು ಗಟ್ಟಿಯಾಗಿದ್ದವು. ಮೊಣಕೈ ಊರಿ, ಒಳ್ಳೆಯ ಕಾಲು ಮಡಿಸಿ, ಕೆಟ್ಟ ಕಾಲನ್ನು ಹಿಂದೆ ಎಳೆದುಕೊಂಡು ಹೋಗತೊಡಗಿದ. ಎರಡೂ ಕಾಲು ನೆಟ್ಟಗಿದ್ದ ನನ್ನ ಗಂಡ ಹೊರಗೆ ಏದುಸಿರು ಬಿಡುತ್ತಾ ಕೂತಿದ್ದ. ಗುಡ್ಡ ಹತ್ತಲಾರೆನೆಂದು ಕುರ್ಚಿ ಹಿಡಿದವನು ಒಳಗೆ ಮರೆಯಾದ.

ಕೊಂಬೆ ಮುರಿಯುವ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. ಹಿಮ ಬೀಳುತ್ತಲೇ ಇತ್ತು. ಆರ್ಡಿಸ್ ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ಬಿಡಿಸುತ್ತಾ ನಿಂತಿದ್ದಳು. ನಾನು ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಚರ್ಚಿನಲ್ಲಿ ಎಂದೂ ಅಷ್ಟು ಮನಸಾರೆ ಪ್ರಾರ್ಥಿಸಿದವಳಲ್ಲ.

"ಸಿಕ್ತು!"

ಆ ಕೂಗಿಗೆ ಎದುರಿನ ಗುಡ್ಡ ಮಾರುತ್ತರ ಕೊಟ್ಟಿತು. "ಸಿಕ್ತು ಕಣೇ ಆರ್ಡಿಸ್! ನೀನು ಕೆರೆದು ಮಾಡಿದ ಹಾಸಿಗೆ ಮೇಲೇ ಬಿದ್ದಿದಾನೆ! ಎಂಥ ಕೊಂಬು ಅಂತೀಯ!"

"ನಾನು ಬಂದು ಎಳೀಲೇನೋ?" ಎಂದು ಗೇಲಾರ್ಡ್ ಕೂಗಿದ.

"ಮೊದಲು ನಿನ್ನ ಹೊಟ್ಟೆ ಎಳ್ಕೋ! ಆರ್ಡಿಸ್, ಇಲ್ಲಿಂದ ನಮ್ಮ ಅಡುಗೆಮನೆ ಕಾಣುತ್ತೆ ಕಣೇ! ಒಲೆ ಮೇಲೆ ಪಾತ್ರೆ ಕಾಣುತ್ತೆ! ನನ್ನ ಕುರ್ಚಿ ಕಾಣುತ್ತೆ! ಮುಂದಿನ ವರ್ಷ ಆ ಕುರ್ಚಿ ಅಲ್ಲಿ ಬೇಡ, ಕಣಜದ ಆ ಕಡೆಗಿಡು, ಇವು ಎಲ್ಲ ನೋಡ್ತಿರ್ತವೆ!"

ಮುಂದಿನ ವರ್ಷ ಅಂದ. ಅದನ್ನು ನಾವೆಲ್ಲರೂ ಕೇಳಿಸಿಕೊಂಡೆವು. ಆರ್ಡಿಸ್ ನನ್ನ ಹೆಗಲಿಗೆ ಮುಖವಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅಳುತ್ತಾ ನಗುತ್ತಾ ಅವಳ ಮೂಗಿನ ನೀರೆಲ್ಲ ನನ್ನ ಕೋಟಿಗೆ.

ಕತ್ತಲಾಗುತ್ತಿತ್ತು. ಗೇಲಾರ್ಡ್ ಟಾರ್ಚು ಹಚ್ಚಿ, ಲೈಲ್‌ನನ್ನು ಹೊರಗೆ ಬಾ ಎಂದು ಕರೆಯಲು ಬಾಯಿ ತೆರೆದ. ಆರ್ಡಿಸ್ ಅವನ ತೋಳು ಹಿಡಿದಳು.

"ಕರೀಬೇಡ," ಅಂದಳು. "ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲೇ ಇರ್ಲಿ."