ಮಾರುವ ಕಾರಿಗೆ ಹೊಸ ಬ್ರೇಕ್ ಪ್ಯಾಡ್

“ಹೆಂಗೂ ಮಾರೂ ಗಾಡಿ, ಅಗ್ಗದ್ದ ಪ್ಯಾಡ್ ಸಾಕ್ ಬಿಡ್ರಿ ಅಕ್ಕಾರ.”

ಮುಧೋಳದ ಬಿಡಿಭಾಗಗಳ ಅಂಗಡಿಯವರು ಪಕ್ಕದ ಹೆಂಗಸಿಗೆ ಹೀಗೆಂದಾಗ ನಾನೂ ಅಗ್ಗದ ಬ್ರೇಕ್ ಪ್ಯಾಡನ್ನೇ ಆರಿಸಿ ಹಿಡಿದಿದ್ದೆ. ಆಕೆ, ತಾವು ಅಳತೆಗೆಂದು ತಂದಿದ್ದ ಹಳೆಯ ಪ್ಯಾಡುಗಳನ್ನು ಕಾಗದದಿಂದ ಬಿಚ್ಚಿಟ್ಟರು. ಸವೆದು ಬರೀ ಕಬ್ಬಿಣ ಉಳಿದಿತ್ತು.

“ಮುಂದ ಕಬ್ಬಿನ ಟ್ರ್ಯಾಕ್ಟರ್ ಇತ್ತರಿ. ನಮ್ಮನಿಯವರು ಬ್ರೇಕ್ ಒತ್ಯಾರ, ಹಿಡದಿಲ್ಲ. ಅಲ್ಲೇ ಹೋಗಿಬಿಟ್ರು. ಈ ಗಾಡಿ ತಗೊಳ್ಳೋರ ಮನ್ಯಾಗೂ ಯಾರರ ಹಾದಿ ನೋಡ್ತಿರ್ತಾರಲ್ರಿ. ಛಲೋವು ಕೊಡ್ರಿ.”

ಅಂಗಡಿಯವರು ಒಳ್ಳೆಯವನ್ನು ಕೊಟ್ಟು, ಹಳೆಯವನ್ನು ಗುಜರಿ ಬುಟ್ಟಿಗೆ ಹಾಕಹೋದರು. ಆಕೆ ಕೈ ಅಡ್ಡ ತಂದರು. “ಅವು ನನಗಿರ್ಲಿರಿ. ಅವರು ಕಡೀಕ ಒತ್ತಿದ್ದು ಇವನ್ನ.”

ನಾನು ಹಿಡಿದಿದ್ದ ಅಗ್ಗದ ಪ್ಯಾಡಿನ ಡಬ್ಬಿಯನ್ನು ಮರಳಿ ಕೊಟ್ಟು ಒಳ್ಳೆಯವನ್ನೇ ಕೊಂಡೆ. ಈಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಾರು ನಿಂತಾಗಲೆಲ್ಲ ಆ ಕಾಗದದ ಪೊಟ್ಟಣ ಕಣ್ಣಿಗೆ ಕಟ್ಟುತ್ತದೆ. ಬ್ರೇಕಿನಿಂದ ಕಾಲು ತೆಗೆಯಲು ಮನಸ್ಸೇ ಬರುವುದಿಲ್ಲ.