ಹೊಸತೊಡಕಿಗೆ ನನ್ನ ಮನೆಯ ಊಟ

ಒಬ್ಬಟ್ಟನ್ನು ಹೊಗಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಪಕ್ಷಪಾತವೆಲ್ಲ ಒಬ್ಬಟ್ಟಿನ ಸಾರಿನ ಕಡೆಗೆ. ಬೇಳೆ ಬೆಂದ ಕಟ್ಟನ್ನು ಬಸಿದು, ಅದಕ್ಕಿಷ್ಟು ಹೂರಣ, ಹುಣಸೆಹುಳಿ, ಖಾರ ಸೇರಿಸಿ ಕುದಿಸಿದ ಈ ಸಾರು ಯುಗಾದಿಯ ದಿನ ಇನ್ನೂ ಎಳಸು. ಒಂದು ರಾತ್ರಿ ಕಳೆದು, ಮರುದಿನ ಮತ್ತೆ ಒಲೆಯೇರಿ ಬತ್ತಿದಾಗಲೇ ಅದಕ್ಕೆ ನಿಜವಾದ ರುಚಿ. ಅಂದರೆ ದೇವರಿಗೆ ನೈವೇದ್ಯವಾಗುವುದು ಎಳಸು ಸಾರು, ಮಾಗಿದ ಸಾರು ನಮಗೆ. ಈ ಸಂಗತಿಯನ್ನು ದೇವರಿಗೆ ಇದುವರೆಗೆ ಯಾರೂ ತಿಳಿಸಿದಂತಿಲ್ಲ. ನೀವೂ ತಿಳಿಸಬೇಡಿ.

ಆದರೆ ಆ ಮರುದಿನಕ್ಕೆ ನಮ್ಮ ಕಡೆ ಹೊಸತೊಡಕು ಎಂದು ಹೆಸರು. ತೊಂಬತ್ತರ ದಶಕದಲ್ಲಿ ನಾನು ಹುಣಸೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಒಂಟಿಯಾಗಿದ್ದೆ. ಯುಗಾದಿಯಂದು ಬೇವುಬೆಲ್ಲ ತಿಂದು ಸಾಧುವಾಗಿದ್ದ ಬೀದಿ, ಮರುದಿನ ಬೆಳಕು ಹರಿಯುವ ಮೊದಲೇ ಬಾಡಿನ ಪಾಲು ತರಲು ಪಾತ್ರೆ ಹಿಡಿದು ಹೊರಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮನೆಮನೆಯಲ್ಲೂ ಮಸಾಲೆಯ ಘಮ, ನೆಂಟರ ಗದ್ದಲ, ಹಾದಿಹೋಕರಿಗೂ ಊಟದ ಕರೆ. ನನಗೊಬ್ಬನಿಗೆ ಇಲ್ಲ. ನಾನು ಬೆಟ್ಟದಪುರದ ಲಿಂಗಾಯತರ ಮನೆಯವನು. ಕೊರಳಲ್ಲಿ ಲಿಂಗ ಕಟ್ಟಿದವನನ್ನು ಬಾಡೂಟದ ಮನೆಗೆ ಕರೆದರೆ ಅವಮಾನ ಮಾಡಿದಂತಾದೀತೆಂದು ಬೀದಿಗೆ ಬೀದಿಯೇ ಸೇರಿ ನನ್ನನ್ನು ಗೌರವಿಸುತ್ತಿತ್ತು. ಹೀಗೆ ಗೌರವಕ್ಕೆ ಗುರಿಯಾದವನ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಎಲ್ಲರೂ ನಗುತ್ತ ಉಣ್ಣುವಾಗ ಪಂಪ್ ಸ್ಟೌವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಪ್ಪಿಟ್ಟು ಕೆದಕಿ ಕೆದಕಿ ನನಗೆ ಸಾಕಾಗಿ ಹೋಗಿತ್ತು. ಬಾಡಿನ ಮೇಲೆ ನನಗೆ ಆಸೆ ಇರಲಿಲ್ಲ, ಕರೆಯ ಮೇಲಿತ್ತು.

ಕರೆಯದಿದ್ದರೆ ಹೋಗಲಿ, ನಾನೇ ಕರೆಯುತ್ತೇನೆಂದು ಒಂದು ವರ್ಷ ಹಟ ಹುಟ್ಟಿತು. ಎದುರುಮನೆಯ ಸೈಕಲ್ ಶಾಪಿನ ಚಿಕ್ಕೇಗೌಡರು, ಅವರ ಹೆಂಡತಿ ಜಯಮ್ಮ, ಅವರ ಇಬ್ಬರು ಮಕ್ಕಳು, ಪಕ್ಕದ ಟೈಲರ್ ಪುಟ್ಟರಾಜು, ಇಷ್ಟು ಜನಕ್ಕೆ ಹೊಸತೊಡಕಿನ ಸಂಜೆ ನನ್ನಲ್ಲಿ ಊಟ ಎಂದು ಹೇಳಿಬಿಟ್ಟೆ. ಗೌಡರು ಹೆಂಡತಿಯ ಮುಖ ನೋಡಿದರು, ಜಯಮ್ಮ ಗಂಡನ ಮುಖ ನೋಡಿದರು, ಆಮೇಲೆ ಇಬ್ಬರೂ ಆಗಲೆಂದರು. ಏರ್ಪಾಡು ಬಲು ಸುಲಭದ್ದು: ಅಮ್ಮ ಮಾಡಿದ ಒಬ್ಬಟ್ಟಿನ ಸಾರು, ಅನ್ನ, ಹಪ್ಪಳ, ಉಪ್ಪುಖಾರ ಸವರಿದ ಮಾವಿನಕಾಯಿ ಹೋಳು, ಮಜ್ಜಿಗೆ. ಮಧ್ಯಾಹ್ನ ಬಾಡು ಬಾರಿಸಿದವರು ಸಂಜೆಗೆ ಎಷ್ಟು ತಾನೇ ಉಂಡಾರು? ತೇಗು ತೆಗೆಯುತ್ತ ಬಂದು, ಎರಡು ತುತ್ತು ನುಂಗಿ, ವೀಳ್ಯದೆಲೆ ಹಾಕಿಕೊಂಡು ಹೋಗುತ್ತಾರೆ. ಅತಿಥಿಸತ್ಕಾರದ ಕೀರ್ತಿಯೂ ಬರುತ್ತದೆ, ಅಕ್ಕಿಯೂ ಉಳಿಯುತ್ತದೆ. ಇಂಥ ಜಾಣ ಆಲೋಚನೆಯ ಜೊತೆಗೆ, ಬಾಯಿಗೆ ಬಟ್ಟೆ ಬಿಗಿದ ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಬ್ಬಕ್ಕೆ ಹೋಗಿದ್ದ ಬೆಟ್ಟದಪುರದಿಂದ ಬೆಳಗಿನ ಬಸ್ಸಿನಲ್ಲಿ ಬಂದಿಳಿದೆ. ಹಳ್ಳ ಸಿಕ್ಕಾಗಲೆಲ್ಲ ಪಂಚೆಗೂ ಸ್ವಲ್ಪ ಹಬ್ಬವಾಯಿತು.

ಸಂಜೆ ಮಹಡಿಯ ಮೇಲೆ ಎಲ್ಲರೂ ನಿಂತು ಬಿದಿಗೆಯ ಚಂದ್ರನನ್ನು ಹುಡುಕಿ ಕೈಮುಗಿದೆವು. ಮಕ್ಕಳು ಹಿರಿಯರ ಕಾಲಿಗೆ ಬಿದ್ದವು. ಆಮೇಲೆ ಎಲೆ ಹಾಕಿದೆ. ನಂತರ ನಡೆದದ್ದನ್ನು ಊಟವೆಂದು ಕರೆಯಲು ನಾಲಿಗೆ ತಡವರಿಸುತ್ತದೆ. ಬಡಿಸಿದ ಅನ್ನ ಎಲೆ ಮುಟ್ಟುವುದಕ್ಕೆ ಪುರಸೊತ್ತಿಲ್ಲ. ಹಪ್ಪಳದ ಬುಟ್ಟಿ ಒಂದೇ ಸುತ್ತಿಗೆ ಬರಿದು. ಸಂಕೋಚದ ಪುಟ್ಟರಾಜು ಕೂಡ ಸಾರನ್ನು ಬೊಗಸೆಯೊಡ್ಡಿ ಕುಡಿದರು. ನಾನು ಒಳಗೋಡಿ ಮತ್ತೊಂದು ಎಸರಿಟ್ಟೆ, ಸಾರಿಗೆ ಬಿಸಿನೀರು ಸುರಿದೆ, ಅಮ್ಮನ ಹೆಸರು ಕೆಡುತ್ತಿದೆಯೆಂದು ಗೊತ್ತಿದ್ದೂ ಇನ್ನೊಂದು ಚೊಂಬು ಸುರಿದೆ. ಎರಡನೆಯ ಅನ್ನವೂ ಮುಗಿದು, ನನ್ನ ಪಾಲಿಗೆ ತಳ ಹತ್ತಿದ ಸೀಕು ಉಳಿದಾಗ ತಡೆಯಲಾರದೆ, ಮಧ್ಯಾಹ್ನದ ಬಾಡು ಚೆನ್ನಾಗಿರಲಿಲ್ಲವೇ ಎಂದು ಕೇಳಿಯೇಬಿಟ್ಟೆ.

ಚಿಕ್ಕೇಗೌಡರು ಎಲೆ ನೋಡುತ್ತ ಹೇಳಿದರು: "ಬಾಡುಂಡ್ಕಂಡು ನಿಮ್ಮನೆ ಒಸ್ಲು ತುಳಿಯಕಾಯ್ತದಾ ಮೇಷ್ಟ್ರೇ? ಅದ್ಕೇ ಬೆಳಿಗ್ಗಿಂದ ಅಂಗೇ ಇದ್ದೀವಿ."

ಬೇಯಿಸಿದ ಬಾಡಿಗೆ ಮುಚ್ಚಳ ಹಾಕಿಟ್ಟು, ಮಕ್ಕಳಿಗೂ ಒಂದು ಚೂರು ಕೊಡದೆ, ವರ್ಷಕ್ಕೊಂದು ಹೊಸತೊಡಕಿನ ಮಧ್ಯಾಹ್ನವನ್ನು ಆ ಮಸಾಲೆಯ ಘಮದ ನಡುವೆ ನೀರು ಕುಡಿದು ಕಳೆದಿದ್ದರು ಪುಣ್ಯಾತ್ಮರು. ನಾನು ಅವರ ತುಂಬಿದ ಹೊಟ್ಟೆಯನ್ನು ನಂಬಿಕೊಂಡು ಅಕ್ಕಿ ಉಳಿಸಲು ಹೊರಟಿದ್ದೆ. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತೋಚದೆ ಹಾಗೇ ನಿಂತಿದ್ದೆ. ನೀವು ಬಾಡು ಉಂಡು ಬಂದಿದ್ದರೂ ನನಗೆ ಬೇಜಾರಿರಲಿಲ್ಲ, ಇಷ್ಟು ವರ್ಷ ನನ್ನನ್ನು ಕರೆಯಲಿಲ್ಲವಲ್ಲ, ಅದೇ ಬೇಜಾರು ಎಂದು ಹೇಳಿಬಿಟ್ಟೆ. ಪುಟ್ಟರಾಜು ಮಾವಿನಕಾಯಿಯ ಕೊನೆಯ ಹೋಳನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು.

ಜಯಮ್ಮ ಕೈ ತೊಳೆದು ಬಂದು ಸೆರಗಿನಲ್ಲಿ ಒರೆಸಿಕೊಂಡರು. "ಈಗ ನೀವು ನಮ್ಮನೇಗೆ ಬನ್ನಿ ಮೇಷ್ಟ್ರೇ. ನೀವುಣ್ಣದು ಬ್ಯಾಡ, ನಾವುಣ್ಣೋವಾಗ ಜೊತೇಲಿ ಕೂತ್ಕಳಿ. ಹೊಸತೊಡಕಲ್ಲಿ ಏನ್ಮಾಡುದ್ರೂ ವರ್ಸವೆಲ್ಲ ಅದೇ ಆಯ್ತದೆ."

ಹೋದೆ. ನನ್ನ ಪಾತ್ರೆಯ ತಳ ಕಾಣಿಸಿದ್ದ ಅದೇ ಮಹನೀಯರು ಈಗ ಮತ್ತೆ ಎಲೆ ಹಾಕಿಕೊಂಡು, ಹೊಸದಾಗಿ ಹಸಿದವರಂತೆ ಬಾಡಿಗೆ ಕೈಹಾಕಿದರು. ನನಗೆ ಗೋಡೆಯ ಪಕ್ಕ ಕುರ್ಚಿ, ಬೇರೆ ತಟ್ಟೆಯಲ್ಲಿ ಬಾಳೆಹಣ್ಣು, ಲೋಟದ ತುಂಬ ಹಾಲು. ಜಯಮ್ಮನ ಮಾತು ಸುಳ್ಳಾಗಲಿಲ್ಲ. ಬೀಗರೂಟ, ನಾಮಕರಣ, ತಿಥಿ ಎಲ್ಲಕ್ಕೂ ಕರೆ ಬರತೊಡಗಿತು, ಎಲ್ಲೆಲ್ಲೂ ಅದೇ ಕುರ್ಚಿ, ಅದೇ ಬಾಳೆಹಣ್ಣು. ಆ ವರ್ಷ ನಮ್ಮ ಬೀದಿಯ ಒಂದು ಬಾಡೂಟವನ್ನೂ ನಾನು ತಪ್ಪಿಸಲಿಲ್ಲ. ಒಂದು ತುಂಡನ್ನೂ ತಿನ್ನಲಿಲ್ಲ.